ಲಿಂಫೋಮಾ ವಾಸಿಯಾಗಿ 16 ವರ್ಷದ ಮೇಲೆ ಹೊಟ್ಟೆಯ ಕ್ಯಾನ್ಸರ್: ಅಕ್ಕ ಉಳಿಯುತ್ತಾರಾ?

ನಿಮ್ಮ ಅಕ್ಕನಿಗೆ 16 ವರ್ಷದ ಹಿಂದೆ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್) ವಾಸಿಯಾಗಿತ್ತು, ಈಗ ಹೊಟ್ಟೆಯ ಕ್ಯಾನ್ಸರ್ ಅಂತಿದ್ದಾರೆ, ಹಳೇದೇ ತಿರುಗಿ ಬಂತಾ, ಅಕ್ಕ ಉಳಿಯುತ್ತಾರಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಜಮಖಂಡಿಯವನು, ಇದೇ ದಾರಿ ತುಳಿದವನು. 1999ರಲ್ಲಿ ಲಿಂಫೋಮಾ, 2017ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್.

ಬಯಾಪ್ಸಿ ರಿಪೋರ್ಟಿನಲ್ಲಿ ಅಡೆನೋಕಾರ್ಸಿನೋಮಾ, ಅಂದರೆ ಜಠರದ ಒಳಪದರದಲ್ಲೇ ಹುಟ್ಟಿದ ಕ್ಯಾನ್ಸರ್, ಅಂತ ಇದ್ದರೆ ಇದು ಹಳೇದಲ್ಲ, ಹೊಸ ಕಾಯಿಲೆ. ಆಗ ಹೊಟ್ಟೆಯ ಭಾಗಕ್ಕೆ ಕೊಟ್ಟ ರೇಡಿಯೇಷನ್, ಪ್ರೊಕಾರ್ಬಜೀನ್ ಅನ್ನೋ ಔಷಧಿ, ಇವು ಎಷ್ಟೋ ವರ್ಷದ ಮೇಲೆ ಜಠರ, ಕರುಳಿನ ಕ್ಯಾನ್ಸರ್ ಸಾಧ್ಯತೆಯನ್ನು ಜಾಸ್ತಿ ಮಾಡುತ್ತವೆ. ಅದಕ್ಕಾಗಿ ಆಗಿನ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಆ ಚಿಕಿತ್ಸೆ ಇಲ್ಲದಿದ್ದರೆ ನನಗೆ 25 ತುಂಬುತ್ತಲೇ ಇರಲಿಲ್ಲ.

ಸಿಟ್ಟಿರೋದು ಎರಡನೇ ಕ್ಯಾನ್ಸರ್ ಗೊತ್ತಾಗೋ ಮುಂಚಿನ ಐದು ತಿಂಗಳ ಮೇಲೆ. ಮೆಟ್ಟಿಲು ಹತ್ತಿದರೆ ಏದುಸಿರು, ಹಿಮೋಗ್ಲೋಬಿನ್ 7. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ಅಷ್ಟೇ. ಹಳೇ ಕಾಯಿಲೆ ಏನಿತ್ತು ಅಂತ ಯಾರೂ ಕೇಳಲಿಲ್ಲ, ಮುಗಿದ ಕಥೆ ಅಲ್ವಾ ಅಂತ ನಾನೂ ಹೇಳಲಿಲ್ಲ. ಕೊನೆಗೆ ಬೆಳಗಾವಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಹೊಟ್ಟೆ ಒತ್ತಿ ನೋಡುವಾಗ ಕೈ ನಿಲ್ಲಿಸಿದರು. "ಈ ಹಚ್ಚೆ ಚುಕ್ಕಿ ಏನು?" ಹೊಕ್ಕುಳ ಹತ್ತಿರ ಸಾಸಿವೆ ಕಾಳಿನಷ್ಟು ನೀಲಿ ಚುಕ್ಕಿ. ಮಿರಜದಲ್ಲಿ ರೇಡಿಯೇಷನ್‌ಗೆ ಗುರುತು ಹಾಕಿದ್ದು. ಎರಡೇ ದಿನಕ್ಕೆ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡೋ ಪರೀಕ್ಷೆ, ಆಯಿತು. ಬಲಭಾಗದಲ್ಲಿ ಗಡ್ಡೆ, ದುಗ್ಧರಸ ಗ್ರಂಥಿಗಳಿಗೆ ಇನ್ನೂ ಹೋಗಿರಲಿಲ್ಲ.

ಉಳಿಯೋದು ಬಹುಪಾಲು ಅದರ ಮೇಲೆಯೇ ನಿಂತಿದೆ, ಎಷ್ಟು ಹಬ್ಬಿದೆ ಅನ್ನೋದರ ಮೇಲೆ. ಅಮೆರಿಕದ ಲೆಕ್ಕದಲ್ಲಿ ಕ್ಯಾನ್ಸರ್ ಜಠರದೊಳಗೇ ಇದ್ದಾಗ ಸಿಕ್ಕರೆ 100ರಲ್ಲಿ ಸುಮಾರು 75 ಜನ 5 ವರ್ಷ ದಾಟುತ್ತಾರೆ. ದೂರದ ಅಂಗಕ್ಕೆ ಹೋಗಿದ್ದರೆ 10ಕ್ಕಿಂತ ಕಡಿಮೆ. ಇದು ಎಲ್ಲ ರೋಗಿಗಳ ಲೆಕ್ಕ. ಲಿಂಫೋಮಾ ದಾಟಿ ಬಂದವರಲ್ಲಿ ಸ್ವಲ್ಪ ಕಡಿಮೆಯೇ ಇರುತ್ತದೆ, ಸುಳ್ಳು ಧೈರ್ಯ ಹೇಳಲಾರೆ. ಹಳೇ ಚಿಕಿತ್ಸೆಗೆ ಹೃದಯ, ಶ್ವಾಸಕೋಶ ಮೊದಲೇ ದಣಿದಿರಬಹುದು. ಒಮ್ಮೆ ಪೂರ್ತಿ ರೇಡಿಯೇಷನ್ ಬಿದ್ದ ಜಾಗಕ್ಕೆ ಮತ್ತೆ ಅಷ್ಟೇ ಕೊಡೋದು ಕಷ್ಟ.

ಆದ್ದರಿಂದ ಅಕ್ಕನ ಹಳೇ ಫೈಲ್ ಹುಡುಕಿ, ಇವತ್ತೇ. ರೇಡಿಯೇಷನ್ ಎಲ್ಲಿಗೆ, ಎಷ್ಟು ಗ್ರೇ (ರೇಡಿಯೇಷನ್ ಅಳತೆ), ಯಾವ ಕೀಮೋ, ಎಷ್ಟು ಸಲ. ಕೆಂಪು ಇಂಜೆಕ್ಷನ್ ಆಗಿದ್ದರೆ ಅದು ಅಡ್ರಿಯಾಮೈಸಿನ್ ಇರಬಹುದು. ಅದು ಹೃದಯಕ್ಕೆ ಪೆಟ್ಟು ಕೊಡಬಹುದು, ಅದಕ್ಕೇ ಇಡೀ ಜೀವಮಾನದಲ್ಲಿ ಇಷ್ಟೇ ಕೊಡಬಹುದು ಅನ್ನೋ ಮಿತಿ ಇದೆ, ಹೃದಯದ ಎಕೋ ಮಾಡಿಸಿ. ಶ್ವಾಸಕೋಶಕ್ಕೆ ಪೆಟ್ಟು ಕೊಡಬಹುದಾದ ಬ್ಲಿಯೋಮೈಸಿನ್ ಅನ್ನೋ ಕೀಮೋ ಆಗಿದ್ದರೆ ಆಪರೇಷನ್‌ಗೆ ಮೊದಲು ಅರಿವಳಿಕೆ ಡಾಕ್ಟರಿಗೆ ತಪ್ಪದೆ ಹೇಳಿ, ಆಕ್ಸಿಜನ್ ನೋಡಿಕೊಂಡು ಕೊಡಬೇಕಾಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಅದನ್ನೂ ಕೇಳಿ.

ಫೈಲ್ ಮನೆಯಲ್ಲಿ ಇಲ್ಲದಿದ್ದರೆ ಹಳೇ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಹೋಗಿ, ಹೆಸರು ಮತ್ತು ವರ್ಷ ಹೇಳಿ. ನಮ್ಮ ತಮ್ಮ ಮಿರಜಕ್ಕೆ ಹೋಗಿ ಎರಡು ದಿನ ಕುಳಿತ. ಅಂಚು ಹರಿದ, ಹಳದಿ ಬಿದ್ದ ಒಂದೇ ಹಾಳೆ ಸಿಕ್ಕಿತು. ಡಾಕ್ಟರಿಗೆ ಬೇಕಾದದ್ದೆಲ್ಲ ಅದರಲ್ಲೇ ಇತ್ತು.