ಅರ್ಧಕ್ಕೆ ನಿಂತ ಕಾದಂಬರಿ ಮುಗಿಸಲು ನನ್ನಿಂದ ಆಗುತ್ತಾ?

ಮನೆ ಬೆಂಗಳೂರಿನ ವಿಜಯನಗರ, ಕೆಲಸ ವೈಟ್‌ಫೀಲ್ಡ್, ಲ್ಯಾಪ್‌ಟಾಪಿನಲ್ಲಿ ಅರ್ಧ ಬರೆದ ಕಾದಂಬರಿ. ಬರೆಯದೆ ಇರಲು ಆಗುತ್ತಿಲ್ಲ, ಬರೆದದ್ದನ್ನು ಓದಿದರೆ ನಾಚಿಕೆಯಾಗುತ್ತದೆ, ನನಗೆ ಪ್ರತಿಭೆ ಇದೆಯಾ ಎಂದು ಕೇಳಿದ್ದೀರಿ.

ಪ್ರತಿಭೆಯ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ. ಅರ್ಧ ಕಾದಂಬರಿ ನೋಡಿ ಅದನ್ನು ಯಾರೂ ಹೇಳಲಾರರು. ನಿಮ್ಮ ಬರಹ ಸರಿಯಾಗಿ ಯಾವ ಸಾಲಿಗೆ ಬಂದು ನಿಂತಿದೆ? ಮೊದಲು ಅದನ್ನು ಹುಡುಕಿ.

ನಾನೂ ಕಥೆ ಬರೆಯುವವಳು. ಅವೆನ್ಯೂ ರಸ್ತೆಯಲ್ಲಿ ಬೈಂಡಿಂಗ್ ಕೆಲಸ ಮಾಡುವ ಮುದುಕನೊಬ್ಬನ ಕಥೆ ಶುರು ಮಾಡಿದ್ದೆ. ಅಂಗಡಿಯ ಭಾಗ ಸಲೀಸಾಗಿ ಬಂತು. ಗೋಂದು, ದಾರ, ರಟ್ಟು, ಮಾರ್ಚ್ ತಿಂಗಳಲ್ಲಿ ರಾಶಿ ಬೀಳುವ ಲೆಡ್ಜರ್‌ಗಳು. ಅವನು ಬಾಗಿಲೆಳೆದು ಮನೆಗೆ ಹೊರಟ, ಕಥೆ ಅಲ್ಲೇ ನಿಂತುಬಿಟ್ಟಿತು. ನನ್ನಲ್ಲಿ ಸರಕೇ ಇಲ್ಲವೇನೋ ಎಂಬ ಅನುಮಾನ ತಿಂಗಳುಗಟ್ಟಲೆ ಕಾಡಿತು. ಒಂದು ದಿನ ಆ ಕೊನೆಯ ಸಾಲನ್ನೇ ಮತ್ತೆ ಮತ್ತೆ ಓದಿದೆ. ಆ ಮನೆಯಲ್ಲಿ ಅವನಿಗಾಗಿ ಯಾರು ಕಾಯುತ್ತಿದ್ದಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ! ಕಾಟನ್‌ಪೇಟೆಯ ಗಲ್ಲಿಗಳಲ್ಲಿ ಸುಮ್ನೆ ಓಡಾಡಿದೆ. ಸಂಜೆ ಹೊತ್ತು ಹೊಸ್ತಿಲ ಮೇಲೆ ಕೂತು ಬ್ಲೌಸಿಗೆ ಹುಕ್ಸ್ ಹಾಕುತ್ತಿದ್ದ ಹೆಂಗಸರನ್ನು ನೋಡಿದೆ. ಅಪ್ಪನ ಜೊತೆ ಮಾತು ಬಿಟ್ಟ ಮಗಳೊಬ್ಬಳು ಹೊಳೆದಳು. ಕಥೆ ಮುಂದಕ್ಕೆ ಹೋಯಿತು. ನಿಮ್ಮ ಕಾದಂಬರಿಯಲ್ಲೂ ನಿಮಗೆ ಇನ್ನೂ ಪರಿಚಯವಾಗದ ಯಾರೋ ಇರಬಹುದು.

ಇನ್ನು ನಾಚಿಕೆ. ಬರೆದದ್ದನ್ನು ಗಟ್ಟಿಯಾಗಿ ಓದಿ, ಮುಜುಗರವಾದ ಸಾಲಿಗೆ ಗೆರೆ ಹಾಕಿ. ಜಾಸ್ತಿ ಗೆರೆ ಬೀಳುವುದು ಮಾತುಕತೆ ಇರುವ ಕಡೆ. ಹಾಸನದ ಹಳ್ಳಿಯ ಅಜ್ಜಿ ಪಠ್ಯಪುಸ್ತಕದ ಕನ್ನಡ ಮಾತಾಡಿದರೆ ಕಿವಿಗೆ ಕಿರಿಕಿರಿ ಆಗೇ ಆಗುತ್ತದೆ, ಅಲ್ವಾ? ಅದನ್ನು ತಿದ್ದಬಹುದು. ಆದರೆ ಈಗಲೇ ಬೇಡ. ಭಾನುವಾರ ಬಂತೆಂದರೆ ಮೊದಲ ಅಧ್ಯಾಯ ತೆರೆದು ತಿದ್ದುತ್ತಾ ಕೂರುವ ಚಟ ನಮ್ಮಲ್ಲಿ ತುಂಬಾ ಜನಕ್ಕಿದೆ. ಅದರಿಂದ ಮೊದಲ ಅಧ್ಯಾಯ ನುಣ್ಣಗಾಗುತ್ತದೆ, ಕಾದಂಬರಿ ಅಲ್ಲೇ ಇರುತ್ತದೆ. ಫೈಲ್ ತೆರೆದ ಕೂಡಲೇ ಕೊನೆಯ ಪುಟಕ್ಕೆ ಹೋಗಿ.

ಸಮಯವಿಲ್ಲ, ವಯಸ್ಸಾಗುತ್ತಿದೆ ಎಂದೂ ಬರೆದಿದ್ದೀರಿ. ಗವಿಪುರದ ಮಾಸ್ತಿಯವರು ಮೈಸೂರು ಸರ್ಕಾರದಲ್ಲಿ ಅಧಿಕಾರಿಯಾಗಿದ್ದುಕೊಂಡೇ ಸಣ್ಣಕಥೆ ಬರೆದವರು. ಅವರ ‘ಚಿಕವೀರ ರಾಜೇಂದ್ರ’ ಕಾದಂಬರಿ ಬಂದದ್ದು 1956ರಲ್ಲಿ, ಅವರಿಗೆ ಅರವತ್ತು ದಾಟಿದ ಮೇಲೆ. ನಿಮಗಿನ್ನೂ ಮೂವತ್ತನಾಲ್ಕು! ಮೆಟ್ರೋದ ನೇರಳೆ ಮಾರ್ಗದಲ್ಲಿ ನಿಮಗೆ ರೈಲು ಬದಲಿಸುವ ಕೆಲಸವಿಲ್ಲ. ಕೂರಲು ಸೀಟು ಸಿಕ್ಕ ದಿನ ಫೋನಿನಲ್ಲೇ ಒಂದು ಪ್ಯಾರಾ ಬರೆಯಿರಿ. ಸೀಟು ಸಿಗದ ದಿನ ಪಕ್ಕದವರ ಮಾತಿಗೆ ಕಿವಿಗೊಡಿ. ಅಜ್ಜಿಯ ಸಂಭಾಷಣೆ ತಿದ್ದುವಾಗ ಅದು ನೆರವಿಗೆ ಬರುತ್ತದೆ.

ಕಾದಂಬರಿಯ ನಡುವೆ ಒಂದು ಸಣ್ಣಕಥೆಯನ್ನಾದರೂ ಪೂರ್ತಿ ಮುಗಿಸಿ ಎಂದು ನನ್ನ ಒತ್ತಾಯ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳಿಗೆ ಪದಮಿತಿ ಇರುತ್ತದೆ, ಕೊನೆಯ ದಿನಾಂಕ ಇರುತ್ತದೆ. ಬಹುಮಾನ ಬರಲಿ, ಬಿಡಲಿ. ಕಥೆಯ ಕೊನೆ ಹತ್ತಿರವಾದಾಗ ಏನೇನು ತೊಡಕು ಬರುತ್ತದೆ ಎಂಬುದು ಒಮ್ಮೆಯಾದರೂ ಮುಗಿಸಿದವರಿಗೇ ಗೊತ್ತಾಗೋದು. ಕಳಿಸುವ ಮುಂಚೆ ಪತ್ರಿಕೆಯವರು ಫೈಲನ್ನು ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಕೇಳಿದ್ದಾರೋ ಯುನಿಕೋಡ್ ಅಕ್ಷರದಲ್ಲಿ ಕೇಳಿದ್ದಾರೋ ನೋಡಿಕೊಳ್ಳಿ.