ವಾರ್ಡಿನಲ್ಲಿ ಮಾತು ನಿಂತ ಹುಡುಗಿ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ವಿದ್ಯಾರ್ಥಿನಿಯ ಒಪ್ಪಿಗೆ ಇದೆ.)

ವಯಸ್ಸು 19. ಮನೆಮಾತು ತುಳು. ಎಸ್ಸೆಸ್ಸೆಲ್ಸಿಯವರೆಗೆ ಉಡುಪಿ ಕಡೆಯ ಸರಕಾರಿ ಕನ್ನಡ ಶಾಲೆ, ಈಗ ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷ. ಜೂನ್ ತಿಂಗಳಲ್ಲಿ ಮೀನುಗಾರಿಕೆಗೆ ರಜೆ ಇದ್ದುದರಿಂದ, ಮಲ್ಪೆಯಲ್ಲಿ ಬೋಟಿಗೆ ಹೋಗುವ ಅಣ್ಣನೇ ಅವಳನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದಿದ್ದರು. “ಮೇಡಂ, ಇವಳು ಕೋರ್ಸ್ ಬಿಟ್ಟು ಮನೆಗೆ ಬರುತ್ತೇನೆ ಎನ್ನುತ್ತಾಳೆ. ಸಾಲ ಮಾಡಿ ಸೇರಿಸಿದ್ದೇವೆ” ಎಂದರು. ಅವರನ್ನು ಹೊರಗೆ ಕುಳ್ಳಿರಿಸಿ, ತುಳುವಿನಲ್ಲೇ ಮಾತು ಶುರು ಮಾಡಿದೆ.

ವಾರ್ಡಿನಲ್ಲಿ ಪಾಳಿ ಬದಲಾಗುವಾಗ ರೋಗಿಯ ಸ್ಥಿತಿಯನ್ನು ಮುಂದಿನ ಪಾಳಿಯವರಿಗೆ ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ಒಂದು ದಿನ ಅವಳು “ಪೇಶೆಂಟ್ ಈಸ್ ಹ್ಯಾವಿಂಗ್ ಫೀವರ್ ಸಿನ್ಸ್ ತ್ರೀ ಡೇಸ್” ಎಂದಳು. ಹಿರಿಯರೊಬ್ಬರು ಅದನ್ನೇ ಅಣಕಿಸಿ ಹೇಳಿದರು, ಉಳಿದವರು ನಕ್ಕರು. ಅಂದಿನಿಂದ ಅವಳು ಬಾಯಿ ಬಿಟ್ಟಿಲ್ಲ. ಸರದಿ ಬರುವಾಗ ಎದೆ ಹೊಡೆದುಕೊಳ್ಳುತ್ತದೆ, ನಾಲಿಗೆ ಒಣಗುತ್ತದೆ, ಹಿಂದಿನ ರಾತ್ರಿ ನಿದ್ದೆ ಇಲ್ಲ. ಬದುಕೇ ಬೇಡ ಎನ್ನಿಸುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲವೆಂದಳು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವಳ ಮೊಬೈಲಿನಲ್ಲಿ ಹಾಕಿಸಿದೆ.

ಆ ವಾಕ್ಯವನ್ನೇ ಎದುರಿಗಿಟ್ಟುಕೊಂಡು ಕುಳಿತೆವು. ಕನ್ನಡದಲ್ಲಿ ‘ಮೂರು ದಿನದಿಂದ ಜ್ವರ’ ಎನ್ನುತ್ತೇವೆ, ‘ಸೋಮವಾರದಿಂದ ಜ್ವರ’ ಎಂದೂ ಅನ್ನುತ್ತೇವೆ. ಎರಡಕ್ಕೂ ‘ಇಂದ’ ಒಂದೇ. ತುಳುವಿನಲ್ಲೂ ಹಾಗೆಯೇ. ಇಂಗ್ಲಿಷ್ ಇಲ್ಲಿ ಎರಡು ದಾರಿ ಹಿಡಿಯುತ್ತದೆ: ಶುರುವಾದ ಗಳಿಗೆಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ಜ್ವರ ಅಂದು ಬಂದು ಇಂದಿಗೂ ಇರುವುದರಿಂದ ಕ್ರಿಯಾಪದ ‘ಹ್ಯಾಸ್ ಹ್ಯಾಡ್’ ಆಗುತ್ತದೆ. “ದ ಪೇಶೆಂಟ್ ಹ್ಯಾಸ್ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್.” ಅವಳು ಮಾಡಿದ ತಪ್ಪು ದಡ್ಡತನದ್ದಲ್ಲ. ಚೆನ್ನಾಗಿ ಬಲ್ಲ ಎರಡು ಭಾಷೆಗಳ ನಿಯಮವನ್ನು ಮೂರನೆಯದಕ್ಕೆ ಒಯ್ದಿದ್ದಾಳೆ, ಅಷ್ಟೇ. ಇದನ್ನು ಹೇಳಿದಾಗ ಅವಳು ಮೊದಲ ಬಾರಿ ಮುಖವೆತ್ತಿ, “ಹಾಗಾದರೆ ನನ್ನ ತಲೆ ಸರಿ ಇದೆಯಲ್ಲ, ಮೇಡಂ?” ಎಂದು ಕೇಳಿದಳು. ನಕ್ಕವರ ಮೇಲೆ ನನಗೆ ಸಿಟ್ಟು ಬಂದದ್ದು ಆಗ.

“ಕನ್ನಡ ಯಾವಾಗ ಕಲಿತೆ?” ಎಂದು ಕೇಳಿದೆ. ಅವಳಿಗೆ ನೆನಪೇ ಇಲ್ಲ. ಅಂಗನವಾಡಿಯಲ್ಲಿ ಕೇಳಿದಳು, ಬಸ್ಸಿನ ಬೋರ್ಡು ಓದಿದಳು, ಟಿ.ವಿ. ನೋಡಿದಳು, ತಪ್ಪುತಪ್ಪಾಗಿ ಮಾತನಾಡಿದಳು, ಟೀಚರ್ ತಿದ್ದಿದರು. ಆಗ ಯಾರೂ ನಗಲಿಲ್ಲ. ನಮ್ಮ ಜಿಲ್ಲೆಗಳ ತುಳು, ಕೊಂಕಣಿ, ಬ್ಯಾರಿ ಮನೆಗಳ ಮಕ್ಕಳೆಲ್ಲ ಶಾಲೆಗೆ ಬರುವ ಹೊತ್ತಿಗೆ ಎರಡನೆಯ ಭಾಷೆಯೊಂದನ್ನು ಅರ್ಧ ಕಲಿತೇ ಇರುತ್ತಾರೆ. ಇಂಗ್ಲಿಷಿನ ಮುಂದೆ ನಿಂತಾಗ ಮಾತ್ರ ಈ ಅನುಭವವನ್ನು ಮರೆತು, ತಮಗೆ ಭಾಷೆಯೇ ಒಲಿಯದು ಎಂದುಕೊಳ್ಳುತ್ತಾರೆ.

ಅವಳ ಚೀಲದಲ್ಲಿ ದಪ್ಪದ ನೋಟ್‌ಬುಕ್ ಇತ್ತು. ನಿಘಂಟಿನ ಮೊದಲ ಪುಟದಿಂದ ಪದಗಳನ್ನು ನಕಲು ಮಾಡುತ್ತ ಬಂದಿದ್ದಳು: ಅಬ್‌ಹೋರ್, ಅಬ್‌ಜೂರ್, ಅಬ್‌ಸ್ಕಾಂಡ್. ಪ್ರತಿಯೊಂದರ ಮುಂದೆ ದುಂಡಗಿನ ಅಕ್ಷರದಲ್ಲಿ ಕನ್ನಡ ಅರ್ಥ. ರೋಗಿಯ ಪಾದ ಬಾತುಕೊಂಡಿದೆ ಎಂದು ಹೇಳು ಎಂದೆ. ‘ಎಡೀಮಾ’ ಎಂಬ ಪಠ್ಯದ ಪದ ಗೊತ್ತಿತ್ತು; “ಹಿಸ್ ಫೀಟ್ ಆರ್ ಸ್ವೋಲನ್” ಎಂಬ ಸರಳ ವಾಕ್ಯ ಬರಲಿಲ್ಲ. ಅವಳ ಶ್ರಮ ಕಡಿಮೆಯದಲ್ಲ, ಅದು ತಪ್ಪು ಜಾಗದಲ್ಲಿ ಸುರಿದುಹೋಗುತ್ತಿತ್ತು.

ನಿಘಂಟನ್ನು ನಕಲು ಮಾಡುವುದನ್ನು ಅಂದೇ ನಿಲ್ಲಿಸಲು ಹೇಳಿದೆ. ಢಾಕಾದಲ್ಲಿ ಶಿಕ್ಷಣ ಕ್ಷೇತ್ರದಲ್ಲಿ ದುಡಿದಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಹೆಚ್ಚು ಬಳಕೆಯಲ್ಲಿರುವ ಸುಮಾರು 2,000 ಇಂಗ್ಲಿಷ್ ಪದಗಳ ಪಟ್ಟಿ ಹೊರತಂದರು. ಸಾಮಾನ್ಯ ಬರಹದಲ್ಲಿ ಬರುವ ಹತ್ತು ಪದಗಳಲ್ಲಿ ಹೆಚ್ಚುಕಡಿಮೆ ಎಂಟು ಆ ಪಟ್ಟಿಯವೇ. ಅವು ಮೊದಲು ಕೈಗೆ ಬರಲಿ, ಅದರ ಜೊತೆಗೆ ವಾರ್ಡಿನಲ್ಲಿ ಅಂದು ಕಿವಿಗೆ ಬಿದ್ದ ನಾಲ್ಕೈದು ಪದಗಳು ಸಾಕು. ಪದವನ್ನು ಬಿಡಿಯಾಗಿ ಬರೆಯದೆ, ಬಳಸಿದ ವಾಕ್ಯವನ್ನು ಇಡಿಯಾಗಿ ಬರೆಯಬೇಕು. ಮರುದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಕಳೆದು ಮತ್ತೊಮ್ಮೆ ಪುಟ ಮುಚ್ಚಿಕೊಂಡು ಹೇಳಿ ನೋಡಬೇಕು. ಕಲಿತದ್ದರ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಜಾರಿಹೋಗುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದಾರೆ. ಹಾಗಾಗಿ ಮರೆತುಹೋಯಿತೆಂದು ಅಳಬೇಕಾಗಿಲ್ಲ.

ವ್ಯಾಕರಣಕ್ಕೆ ಹನ್ನೆರಡು ಕಾಲಗಳ ಕೋಷ್ಟಕ ಬಾಯಿಪಾಠ ಬೇಡ ಎಂದೆ. ವರದಿ ಒಪ್ಪಿಸಲು ಬೇಕಾದ ವಾಕ್ಯಗಳ ಅಚ್ಚು ನಾಲ್ಕೇ: ರೋಗಿ ಯಾರು, ಏನು ತೊಂದರೆ ಎಷ್ಟು ಕಾಲದಿಂದ, ಏನು ಕೊಟ್ಟಾಗಿದೆ, ಇನ್ನೇನು ಬಾಕಿ. ಅವನ್ನು ಕೋಣೆಯ ಗೆಳತಿಯ ಮುಂದೆ ಗಟ್ಟಿಯಾಗಿ ಹೇಳುವುದು, ಆಮೇಲೆ ಇಬ್ಬರ ಮುಂದೆ, ಆಮೇಲೆ ವಾರ್ಡಿನಲ್ಲಿ. ಹೆದರಿಕೆ ಹೋದ ಮೇಲೆ ಮಾತನಾಡುತ್ತೇನೆ ಎಂದು ಕಾದರೆ ಅದು ಹೋಗುವುದಿಲ್ಲ. ತಿದ್ದಲು ಒಬ್ಬರನ್ನೇ ಆರಿಸಿಕೊಳ್ಳಬೇಕು, ಅವರೂ ಮಾತು ಮುಗಿದ ಮೇಲೆ ತಿದ್ದಬೇಕು.

ಅವಳ ಹಾಸ್ಟೆಲಿನಲ್ಲಿ ಕನ್ನಡ, ತುಳು, ಮಲಯಾಳ ಮಾತನಾಡಿದರೆ ದಂಡವಂತೆ. ಇದನ್ನು ನಾನು ಒಪ್ಪುವುದಿಲ್ಲ. ದಂಡಕ್ಕೆ ಹೆದರಿದ ಹುಡುಗಿಯರು ಇಂಗ್ಲಿಷ್ ಕಲಿಯುವುದಿಲ್ಲ, ಸುಮ್ಮನಾಗುತ್ತಾರೆ. ಅದೇ ವಾರ್ಡಿನಲ್ಲಿ ಮೂಲ್ಕಿಯ ಅಜ್ಜಿಯೊಬ್ಬರಿಗೆ ಎಲ್ಲಿ ನೋವು ಎಂದು ತುಳುವಿನಲ್ಲಿ ವಿಚಾರಿಸಿ ತಿಳಿದವಳು ಇವಳೇ. ರೋಗಿಯ ಮಾತು ತಿಳಿಯದ ನರ್ಸ್‌ಗೆ ಎಂತಹ ಇಂಗ್ಲಿಷ್ ಬಂದರೂ ಅಜ್ಜಿಯ ನೋವು ವರದಿಗೆ ಇಳಿಯುವುದಿಲ್ಲ.

ಅಣ್ಣನಿಗೆ ಬೇರೆಯಾಗಿ ಹೇಳಿದ್ದು ಇಷ್ಟು: “ಇಂಗ್ಲಿಷ್ ಮೀಡಿಯಂಗೆ ಹಾಕಬೇಕಿತ್ತು ಎಂದು ಮನೆಯಲ್ಲಿ ಪದೇ ಪದೇ ಹೇಳಬೇಡಿ. ಫೋನಿನಲ್ಲಿ ತುಳುವಿನಲ್ಲೇ ಮಾತನಾಡಿ, ಊಟವಾಯಿತೇ ಎಂದು ಕೇಳಿ, ಇಂಗ್ಲಿಷ್ ಎಲ್ಲಿಗೆ ಬಂತು ಎಂದು ಕೇಳಬೇಡಿ.”

ಮುಂದಿನ ಭೇಟಿಗಳಲ್ಲಿ ನಿದ್ದೆ ಸುಧಾರಿಸಿತ್ತು. ಕೋರ್ಸ್ ಬಿಡುವ ಮಾತು ನಿಂತಿದೆ. ಈಗಲೂ ‘ಸಿನ್ಸ್’ ಮತ್ತು ‘ಫಾರ್’ ಅದಲುಬದಲಾಗುತ್ತವೆ, ಆದರೆ ತಾನೇ ನಿಲ್ಲಿಸಿ ತಿದ್ದಿಕೊಂಡು ಮುಂದುವರಿಯುತ್ತಾಳೆ. ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆ ತಿಳಿಯದಾಗ ಇನ್ನೊಮ್ಮೆ ಕೇಳಿ ಎಂದು ಇಂಗ್ಲಿಷಿನಲ್ಲೇ ವಿನಂತಿಸಿದಳಂತೆ. ವಿದೇಶದ ಕೆಲಸಕ್ಕೆ ಬೇಕಾಗುವ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಯ ತರಬೇತಿಗೆ ಈಗಲೇ ಸೇರಿಸಲೇ ಎಂದು ಅಣ್ಣ ಕೇಳಿದರು. ಈಗ ಅದಕ್ಕೆ ದುಡ್ಡು ಕಟ್ಟಬೇಡಿ, ಕೊನೆಯ ವರ್ಷದಲ್ಲಿ ಅವಳೇ ನಿರ್ಧರಿಸಲಿ ಎಂದೆ. ಅವರು ಒಪ್ಪಿದ್ದಾರೆ.