33ಕ್ಕೆ ಮತ್ತೆ ಸೊನ್ನೆಯಿಂದಲಾ? ಸ್ಟುಟ್‌ಗಾರ್ಟ್‌ಗೆ ಬಂದ ಲೆಕ್ಚರರ್‌ಗೆ ಒಂದು ಉತ್ತರ

ನೀವು ಬರೆದಿದ್ದು ಓದಿದೆ. ತುಮಕೂರಿನ ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದಿರಿ, ಎಂ.ಎಸ್ಸಿ., ಬಿ.ಎಡ್. ಎರಡೂ ಇದೆ, ಗಂಡನ ಬ್ಲೂ ಕಾರ್ಡ್ (ಡಿಗ್ರಿ ಇರುವ ವಿದೇಶಿಯರಿಗೆ ಕೊಡುವ ಕೆಲಸದ ಪರ್ಮಿಟ್) ಮೇಲೆ ಜರ್ಮನಿಗೆ ಬಂದಿದ್ದೀರಿ. ಒಂದು ವರ್ಷದಲ್ಲಿ ಇಲ್ಲೇ ಸ್ಕೂಲ್ ಕೆಲಸ, ಐದು ವರ್ಷಕ್ಕೆ ವಾಪಸ್, ತುಮಕೂರಲ್ಲಿ ಮನೆ, ಇದು ಲೆಕ್ಕಾಚಾರ. ಈಗ ನೋಡಿದರೆ ಬಿ.ಎಡ್. ಇಲ್ಲಿ ನಡೆಯಲ್ಲ, ಗಂಡನ ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡುವ ಮಾತು ಬೇರೆ. 33ಕ್ಕೆ ಸೊನ್ನೆಯಿಂದ ಶುರು ಮಾಡಬೇಕಾ, ಇಲ್ಲ ಗಂಟುಮೂಟೆ ಕಟ್ಟಬೇಕಾ ಅಂತ ಕೇಳಿದ್ದೀರಿ.

ಗಂಡನ ವಿಷಯ ಮೊದಲು ಮುಗಿಸೋಣ, ಅದಕ್ಕೆ ಗಡುವು ಇದೆ. ನೋಟಿಸ್ ಕೈಗೆ ಬಂದರೆ ಮೂರು ದಿನದೊಳಗೆ ಅಗೆಂಟೂರ್ ಫ್ಯೂರ್ ಆರ್ಬೈಟ್‌ನಲ್ಲಿ, ಅಂದರೆ ಸರ್ಕಾರಿ ಉದ್ಯೋಗ ಕಚೇರಿಯಲ್ಲಿ, ಹೆಸರು ಬರೆಸಬೇಕು. ವೀಸಾ ಆಫೀಸಿಗೂ ತಿಳಿಸಬೇಕು. ಕೆಲಸ ಹೋದ ಮರುದಿನವೇ ಬ್ಲೂ ಕಾರ್ಡ್ ಹೋಗಲ್ಲ, ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಸಿಗುತ್ತೆ. ಹಿಂದಿನ 30 ತಿಂಗಳಲ್ಲಿ 12 ತಿಂಗಳು ವಿಮೆ ಕಟ್ಟಿದ್ದರೆ ನಿರುದ್ಯೋಗ ಭತ್ಯೆ ಕೂಡ ಉಂಟು, ಕೈಗೆ ಬರುತ್ತಿದ್ದ ಸಂಬಳದ ಸುಮಾರು 60 ಶೇಕಡಾ, ಮಗು ಇದ್ದರೆ 67. ಆದರೆ ಕಂಪನಿಯವರು ನಗುನಗುತ್ತಾ "ಇಬ್ಬರೂ ಒಪ್ಪಿ ಬಿಡೋಣ" ಅಂತ ಒಂದು ಪತ್ರ ಮುಂದಿಟ್ಟರೆ ಆವತ್ತೇ ಸಹಿ ಹಾಕಬೇಡಿ ಅಂತ ಹೇಳಿ. ಅದಕ್ಕೆ ಸಹಿ ಹಾಕಿದರೆ 12 ವಾರದವರೆಗೂ ಭತ್ಯೆ ತಡೆಹಿಡಿಯಬಹುದು. ಮೊದಲು ಲಾಯರಿಗೆ ತೋರಿಸಲಿ.

ಇನ್ನು ನಿಮ್ಮದು. ಜರ್ಮನಿಯಲ್ಲಿ ಟೀಚರ್ ಕೆಲಸ ಡಾಕ್ಟರ್, ನರ್ಸ್ ಥರ. ಮಾನ್ಯತೆ ಇಲ್ಲದೆ ರೆಗ್ಯುಲರ್ ಟೀಚರ್ ಆಗಲು ಬಿಡಲ್ಲ. ಸಾಮಾನ್ಯವಾಗಿ ಯೂನಿವರ್ಸಿಟಿ ಮಟ್ಟದಲ್ಲಿ ಎರಡು ವಿಷಯ ಓದಿರಬೇಕು, ನಮ್ಮಲ್ಲಿ ಎಂ.ಎಸ್ಸಿ. ಮಾಡಿದವರದ್ದು ಒಂದೇ. ಅದರ ಮೇಲೆ ಸಿ1 (ಎ1ರಿಂದ ಸಿ2ವರೆಗಿನ ಆರು ಭಾಷಾ ಮಟ್ಟಗಳಲ್ಲಿ ಐದನೆಯದು) ಅಥವಾ ಅದಕ್ಕೂ ಜಾಸ್ತಿ ಜರ್ಮನ್. ದಾರಿ ಇಲ್ಲ ಅಂತಲ್ಲ, ಉದ್ದ ಇದೆ. ನಾನು ಹಾಸನದಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದವಳು, ಇದೇ ಗೋಡೆ ನನಗೂ ಸಿಕ್ಕಿತ್ತು. ಈಗ ಇಲ್ಲೇ ಪಕ್ಕದ ಎಸ್ಲಿಂಗನ್‌ನಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಕಿಂಡರ್‌ಗಾರ್ಟನ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಅತ್ತೆ ಇವತ್ತಿಗೂ ಊರಲ್ಲಿ "ಸೊಸೆ ಅಲ್ಲಿ ಸ್ಕೂಲಲ್ಲಿ ಪಾಠ ಮಾಡ್ತಾಳೆ" ಅಂತಲೇ ಹೇಳೋದು. ಹೇಳಲಿ ಬಿಡಿ.

ಸೊನ್ನೆ ಅನ್ನೋದನ್ನು ಸ್ವಲ್ಪ ಬದಿಗಿಟ್ಟು ಬೇರೆ ಒಂದು ಯೋಚನೆ ಮಾಡಿ. ತುಮಕೂರು ಬಿಟ್ಟ ಮೇಲೆ ನಿಮಗೆ ನಿಜವಾಗಿ ಏನು ಇಲ್ಲ ಅನ್ನಿಸುತ್ತಿದೆ? ಕೆಮಿಸ್ಟ್ರಿಯಾ? ಮಕ್ಕಳ ಜೊತೆ ಇರೋದಾ? ಇಲ್ಲ ಸಂತೆಗೆ ಹೋದರೂ ಹಳೇ ಸ್ಟೂಡೆಂಟ್ ಒಬ್ಬ "ನಮಸ್ಕಾರ ಮೇಡಂ" ಅಂತ ಚೀಲ ಹಿಡಿಯುತ್ತಿದ್ದನಲ್ಲ, ಅದಾ? ಪಿಯು ಕಾಲೇಜಲ್ಲಿ ಈ ಮೂರೂ ಒಂದೇ ಸಂಬಳದಲ್ಲಿ ಒಟ್ಟಿಗೆ ಸಿಗುತ್ತಿತ್ತು, ಹಾಗಾಗಿ ಬಿಡಿಸಿ ನೋಡುವ ಅಗತ್ಯವೇ ಬಂದಿರಲಿಲ್ಲ. ಇಲ್ಲಿ ಮೂರಕ್ಕೂ ಬೇರೆ ಬೇರೆ ದಾರಿ.

ಕೆಮಿಸ್ಟ್ರಿ ಅಂದರೆ ಬಿ.ಎಡ್. ಅನ್ನು ಕಪಾಟಲ್ಲಿಟ್ಟು ಎಂ.ಎಸ್ಸಿ. ಹೊರಗೆ ತೆಗೆಯಿರಿ. ಲ್ಯಾಬ್ ಕೆಲಸಕ್ಕೆ, ಕ್ವಾಲಿಟಿ ಕಂಟ್ರೋಲಿಗೆ ಟೀಚರ್‌ಗೆ ಬೇಕಾದಂಥ ಸರ್ಕಾರಿ ಮಾನ್ಯತೆ ಬೇಡ, ನೇರವಾಗಿ ಅರ್ಜಿ ಹಾಕಬಹುದು. ನಿಮ್ಮ ಡಿಗ್ರಿ ಇಲ್ಲಿನ ಯಾವುದಕ್ಕೆ ಸಮ ಅಂತ ಬಾನ್‌ನಲ್ಲಿರುವ ಝಡ್‌ಎಬಿ ಅನ್ನುವ ಕಚೇರಿ ಒಂದು ಪತ್ರ ಕೊಡುತ್ತೆ, ಇನ್ನೂರು ಯೂರೋ ಚಿಲ್ಲರೆ ಫೀಸು. ಮಾಡಿಸಿಡಿ, ಯಾವ ದಾರಿ ಹಿಡಿದರೂ ಕೆಲಸಕ್ಕೆ ಬರುತ್ತೆ.

ಮಕ್ಕಳು ಅಂದರೆ ನನ್ನ ದಾರಿ. ನಮ್ಮ ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2012ರಿಂದ ಪಿಯಾ ಅಂತ ಮೂರು ವರ್ಷದ ಟ್ರೇನಿಂಗ್ ಇದೆ. ವಾರದಲ್ಲಿ ಕೆಲವು ದಿನ ಕ್ಲಾಸು, ಉಳಿದ ದಿನ ಕಿಂಡರ್‌ಗಾರ್ಟನ್, ಕಲಿಯುವಾಗಲೇ ತಿಂಗಳಿಗೆ ಸಾವಿರ ಯೂರೋಗಿಂತ ಜಾಸ್ತಿ ಸಿಗುತ್ತೆ. ಸಾಮಾನ್ಯವಾಗಿ ಬಿ2 ಜರ್ಮನ್ ಕೇಳುತ್ತಾರೆ. ಚೆನ್ನಾಗಿದೆ ಅಂತ ಪುಸಲಾಯಿಸೋದಿಲ್ಲ. ಕ್ಲಾಸಲ್ಲಿ ಪಕ್ಕದಲ್ಲಿ ಕೂತವರಿಗೆ ಹತ್ತೊಂಬತ್ತು ವರ್ಷ, ಮೊದಲ ತಿಂಗಳುಗಳಲ್ಲಿ ಮಕ್ಕಳ ಮೂಗು ಒರೆಸುತ್ತಾ "ನಾನು ಕ್ವಾಂಟಮ್ ಮೆಕ್ಯಾನಿಕ್ಸ್ ಹೇಳಿಕೊಡ್ತಿದ್ದೆ" ಅಂತ ಮನಸ್ಸಲ್ಲೇ ಗೊಣಗುತ್ತಿದ್ದೆ, ಅದರ ಮೇಲೆ ಬಿ2 ಪುಸ್ತಕದ ಜರ್ಮನ್‌ಗೂ ಇಲ್ಲಿನ ಅಜ್ಜಿಯರು ಆಡುವ ಶ್ವೇಬಿಷ್ ಅನ್ನುವ ಆಡುಮಾತಿಗೂ ಸಂಬಂಧವೇ ಇಲ್ಲ. ಆದರೆ ಒಂದು ವಿಷಯ ಗೊತ್ತಾಯಿತು. ನನಗೆ ಫಿಸಿಕ್ಸ್ ಅಷ್ಟೇನೂ ಬೇಕಿರಲಿಲ್ಲ. ಇಪ್ಪತ್ತು ಜೊತೆ ಕಣ್ಣು ನನ್ನ ಮೇಲಿರಬೇಕಿತ್ತು, ಅಷ್ಟೇ.

ಮೂರನೆಯದು, ಆ ಮೇಡಂ ಪಟ್ಟ. ಅದು ಇಲ್ಲಿ ಸಿಗಲ್ಲ. ಪ್ರೊಫೆಸರನ್ನೂ ಕೆಳಮನೆಯವರು "ಈ ವಾರ ಮೆಟ್ಟಿಲು ಗುಡಿಸುವ ಸರದಿ ನಿಮ್ಮದು" ಅಂತ ತಡೆದು ನಿಲ್ಲಿಸುವ ಊರು ಇದು. ಅದೇ ನಿಮಗೆ ಮುಖ್ಯ ಅಂತಿದ್ದರೆ ನಾಚಿಕೆ ಬೇಡ, ಬೇಗ ವಾಪಸ್ ಹೋಗಿ. ಐದು ವರ್ಷ ಹಲ್ಲು ಕಚ್ಚಿಕೊಂಡು ಕೂತವರನ್ನು ನೋಡಿದ್ದೇನೆ. ಆಮೇಲೆ ಊರಲ್ಲಿ ಕೆಲಸಕ್ಕೆ ಹೋದರೆ "ಮಧ್ಯೆ ಇಷ್ಟು ಗ್ಯಾಪ್ ಯಾಕೆ" ಅಂತ ಕೇಳುತ್ತಾರೆ.

ಐದು ವರ್ಷ ಅಂದೆನಲ್ಲ, ಆ ಸಂಖ್ಯೆಯನ್ನೂ ಒಮ್ಮೆ ಕೂತು ನೋಡಿ. ಎಲ್ಲರೂ ಐದು ಅಂತಾರೆ, ಯಾಕೆ ಐದು ಅಂತ ಯಾರಿಗೂ ಗೊತ್ತಿಲ್ಲ. ಪೆನ್ಷನ್‌ಗೆ 60 ತಿಂಗಳು ಕಟ್ಟಿದ್ದರೆ ವಯಸ್ಸಾದ ಮೇಲೆ ಇಲ್ಲಿಂದ ಪೆನ್ಷನ್ ಬರುತ್ತೆ, ಇಂಡಿಯಾದಲ್ಲಿದ್ದರೂ. ಅದಕ್ಕಿಂತ ಕಡಿಮೆ ಕಟ್ಟಿ ಹೊರಟರೆ ಎರಡು ವರ್ಷ ಕಾದು ನಿಮ್ಮ ಪಾಲನ್ನು ವಾಪಸ್ ಕೇಳಬಹುದು, ಕಂಪನಿ ಪಾಲು ಸಿಗಲ್ಲ. ಗಂಡ ಬಿ1 ಜರ್ಮನ್ ಮಾಡಿಕೊಂಡರೆ ಬ್ಲೂ ಕಾರ್ಡ್‌ನಲ್ಲಿ 21 ತಿಂಗಳಿಗೇ ಪರ್ಮನೆಂಟ್ ಪರ್ಮಿಟ್. ಇನ್ನು ಪೌರತ್ವಕ್ಕೂ ಐದೇ ವರ್ಷ, ಆದರೆ ಅದನ್ನು ತೊಗೊಂಡರೆ ಇಂಡಿಯನ್ ಪಾಸ್‌ಪೋರ್ಟ್ ಬಿಡಬೇಕು. ಆಮೇಲೆ ಓಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಮೇಲೆ ತುಮಕೂರಲ್ಲಿ ಮನೆ ಕೊಳ್ಳಬಹುದು, ತೆಂಗಿನ ತೋಟ ಕೊಳ್ಳೋಕಾಗಲ್ಲ. ನಿಮ್ಮ ಕನಸಲ್ಲಿ ಮನೆ ಹಿಂದೆ ತೋಟವೂ ಇದ್ದರೆ ಇದನ್ನು ಈಗಲೇ ಮಾತಾಡಿಕೊಳ್ಳಿ.

ಇನ್ನೊಂದು. ಬ್ಲೂ ಕಾರ್ಡ್ ಗಂಡನದು, ಕೆಲಸ ಮಾಡುವ ಅನುಮತಿ ನಿಮಗೂ ಪೂರ್ತಿ ಇದೆ. ಆದರೆ ನಿಮ್ಮ ಪರ್ಮಿಟ್ ನಿಂತಿರೋದು ಅವರದರ ಮೇಲೆ. ನಿಮ್ಮದೇ ಕೆಲಸವೋ ಟ್ರೇನಿಂಗೋ ಸಿಕ್ಕಿದರೆ ನಿಮ್ಮದೇ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಕಾರ್ ಕಂಪನಿಗಳ ಈ ಊರಲ್ಲಿ ಈಗಿನ ಪರಿಸ್ಥಿತಿಗೆ ಅದು ಸಣ್ಣ ವಿಷಯ ಅಲ್ಲ.

ಅಷ್ಟರಲ್ಲಿ ಜರ್ಮನ್ ನಿಲ್ಲಿಸಬೇಡಿ. ರೋಟೆಬ್ಯೂಲ್‌ಪ್ಲಾಟ್ಸ್‌ನ ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ (ದೊಡ್ಡವರಿಗಾಗಿ ಇರುವ ಶಿಕ್ಷಣ ಕೇಂದ್ರ) ಸಂಜೆ ಕ್ಲಾಸ್ ಸಿಗುತ್ತೆ, ಆನ್‌ಲೈನ್‌ಗಿಂತ ಅದೇ ವಾಸಿ, ಸುಮ್ನೆ ಮನೆಯಿಂದ ಹೊರಗಾದರೂ ಬರುತ್ತೀರಿ. ನಿಮ್ಮ ಎಂ.ಎಸ್ಸಿ. ಯಾವ ಯೂನಿವರ್ಸಿಟಿದು, ತುಮಕೂರಿಂದಾ ಬೆಂಗಳೂರಿಂದಾ, ಅದೊಂದು ಬರೆದು ತಿಳಿಸಿ. ಇಲ್ಲಿನವರು ಇಟ್ಟಿರುವ ವಿದೇಶಿ ಯೂನಿವರ್ಸಿಟಿಗಳ ಪಟ್ಟಿಯಲ್ಲಿ ಅದಕ್ಕೆ ಏನು ಗುರುತು ಹಾಕಿದ್ದಾರೆ ಅಂತ ನೋಡಿ ಹೇಳ್ತೀನಿ.